ಕಾಣೆಯಾದ ಒಂದು ದಿನ

‘ಸುಮಾರು’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮ ಭಾವನಿಗೆ ಮೈ ಉರಿಯುತ್ತಿತ್ತು. ಅಕ್ಕನನ್ನು ನೋಡಲು ಬಂದ ದಿನವೇ ಇದು ನಮಗೆ ಗೊತ್ತಾಗಬೇಕಿತ್ತು. “ಹುಡುಗಿಗೆ ಸುಮಾರು ಇಪ್ಪತ್ತಮೂರು” ಎಂದರು ಅಪ್ಪ. “ತುಂಬಿದ್ಯೋ, ನಡೀತಿದ್ಯೋ?” ಎಂದರು ಭಾವ! ಉಪ್ಪಿಟ್ಟಿನ ತಟ್ಟೆ ಹಿಡಿದಿದ್ದ ಅಕ್ಕ, “ತುಂಬಿ ನಾಲ್ಕು ತಿಂಗಳು ಹನ್ನೊಂದು ದಿನ” ಎಂದಳು. ಮದುವೆ ನಿಶ್ಚಯವಾಗಲು ಇನ್ನೇನು ಬೇಕು?

ಮದುವೆಯಾದ ಮೇಲೆ, ಅವರ ಹಿನಕಲ್ ಮನೆಯಲ್ಲಿ ಅಕ್ಕ ಒಳಗಿನಿಂದ “ಐದೇ ನಿಮಿಷ, ಬಂದ್ಬುಟ್ಟೆ” ಎಂದು ಕೂಗಿದರೆ ಭಾವ ಗಡಿಯಾರದ ಕೆಳಗೇ ನಿಲ್ಲುತ್ತಿದ್ದರು.

“ಐದೂ ಮುಕ್ಕಾಲು ನಿಮಿಷ ಆಯ್ತು ಕಣೇ!”

“ಆ ಮುಕ್ಕಾಲು ನಿಮ್ಮ ಬನೀನು ಹುಡುಕಿದ್ದಕ್ಕೆ ಆಗಿದ್ದು ಕಣ್ರೀ!”

ತೊಂಬತ್ತರ ದಶಕದ ಕೊನೆಯಲ್ಲಿ, ಭಾವ ಫೋರ್‌ಮನ್ ಆಗಿದ್ದ ಮೇಟಗಳ್ಳಿಯ ಕಾರ್ಖಾನೆಯಲ್ಲೇ ನನಗೂ ಕೆಲಸ ಸಿಕ್ಕಿತು. ಇನ್ನೂ ಖಾಯಂ ಆಗಿರಲಿಲ್ಲ. ಆ ವರ್ಷ ಬಾಯ್ಲರ್ ಹೊಸದು, ಕೆಲಸಗಳಿಗೆ ದಿನ ಲೆಕ್ಕ ಹಾಕಲು ನನ್ನ ಕೈಗೆ ಕೊಟ್ಟ ಕಂಪ್ಯೂಟರೂ ಹೊಸದು. ಬಾಯ್ಲರ್ ನಿಲ್ಲಿಸಿ ತಣ್ಣಗಾಗಿಸುವುದು, ಒಳಗಿಳಿದು ತೊಳೆಯುವುದು, ಪರೀಕ್ಷಿಸುವುದು, ಒಂದೊಂದಕ್ಕೂ 1.25, ಅಂದರೆ ಒಂದೂಕಾಲು ದಿನ ಬಂತು. ದಶಾಂಶಗಳು ನನಗೆ ಅಂದವಾಗಿ ಕಾಣಲಿಲ್ಲ. ಪೂರ್ಣ ಸಂಖ್ಯೆಗಳಷ್ಟೇ ಕಾಣುವಂತೆ ಮಾಡಿ, ಪ್ರಿಂಟ್ ತೆಗೆದು ನೋಟಿಸ್ ಬೋರ್ಡಿಗೆ ಅಂಟಿಸಿದೆ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಾಯ್ಲರ್ ನಿಲ್ಲಿಸಿದರು. ಅಂದು ರಜೆಯಲ್ಲಿದ್ದ ಭಾವ ಮಂಗಳವಾರ ಎಂಟಕ್ಕೆ ಬೋರ್ಡಿನ ಮುಂದೆ ನಿಂತರು.

“ಒಂದು, ಒಂದು, ಒಂದು. ಒಟ್ಟು ನಾಲ್ಕು! ಇದ್ಯಾವ ಲೆಕ್ಕವೋ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಭಾವ ಮಾತ್ರ ನಗದೆ ಬಾಯ್ಲರಿನ ಕಡೆ ಓಡಿದರು. ಇಬ್ಬರು ಕೆಲಸಗಾರರು ಒಳಗಿಳಿಯಲು ಅದರ ಬಾಗಿಲು ತೆಗೆಯುತ್ತಿದ್ದರು. ಭಾವ ಟಿಫನ್ ಕ್ಯಾರಿಯರ್ ಸಮೇತ ಅಡ್ಡ ಕೂತುಬಿಟ್ಟರು.

“ಏನ್ರೀ, ಕಂಪ್ಯೂಟರ್ ಸುಳ್ಳು ಹೇಳುತ್ತಾ?” ಮ್ಯಾನೇಜರ್ ಗದರಿದರು.

“ಆ ಒಂದ್ ದಿನ ಎಲ್ಲೋಯ್ತು ಅಂತ ಗೊತ್ತಾಗೋವರ್ಗೂ ಯಾರೂ ಒಳಕ್ಕೋಗಂಗಿಲ್ಲ ಸಾರ್!”

ನಾನು ಹೋಗಿ ದಶಾಂಶಗಳನ್ನು ಮತ್ತೆ ತೆರೆದೆ. ಮೂರು ಒಂದೂಕಾಲು ಸೇರಿ ಮೂರೂ ಮುಕ್ಕಾಲು; ಅದೇ ಬೋರ್ಡಿನಲ್ಲಿ ನಾಲ್ಕಾಗಿ ಕಂಡಿತ್ತು. ಒಂದೂಕಾಲು ದಿನ ಎಂದರೆ ಮೂವತ್ತು ಗಂಟೆ. ಬಾಯ್ಲರ್ ತಣ್ಣಗಾಗಲು ಮಧ್ಯಾಹ್ನ ಎರಡಾಗಬೇಕು! ನೋಡಲು ಚೆನ್ನಾಗಿರಲಿ ಎಂದು ನಾನು ಮುಚ್ಚಿಟ್ಟ ಆ ಕಾಲು ದಿನದ ಕಾವಿಗೆ ಎರಡು ಜೀವ ಹೋಗುತ್ತಿದ್ದವು.

ವರದಿ ಬರೆಯಬೇಕಾದವರು ಭಾವ. ನನ್ನ ಕೆಲಸ ಹೋಯಿತು ಎಂದೇ ತಿಳಿದಿದ್ದೆ. ಅವರು ಬರೆದದ್ದು ಒಂದೇ ಸಾಲು: ‘ಕಂಪ್ಯೂಟರಿನಲ್ಲಿ ಅಂಕಿಗಳು ತಪ್ಪಾಗಿ ಕಂಡಿದ್ದರಿಂದ ಹೀಗಾಯಿತು.’

ಸಂಜೆ ಅವರ ಸ್ಕೂಟರಿನ ಹಿಂದೆ ಕೂತು ಕೇಳಿದೆ: “ಭಾವ, ನೀವು ಬರೆದಿದ್ದು ನಿಜ ಅಲ್ವಲ್ಲ?”

ಅವರು ಸ್ಕೂಟರಿನ ವೇಗ ತಗ್ಗಿಸಿದರು.

“ಸುಮಾರಾಗಿ ನಿಜ ಕಣೋ.”

ನನ್ನ ಕಣ್ಣು ತುಂಬಿ ಬಂತು. ಭಾವ ತಿರುಗಿ ನೋಡದೆ ಸ್ಕೂಟರನ್ನು ವಾಪಸ್ ಕಾರ್ಖಾನೆಯ ಕಡೆ ತಿರುಗಿಸಿದರು.

“ಮ್ಯಾನೇಜರಿಗೆ ಅಷ್ಟು ಸಾಕು. ಆ ಇಬ್ಬರು ಇನ್ನೂ ಗೇಟ್ ಹತ್ರ ಇರ್ತಾರೆ. ಅವರಿಗೆ ಮಾತ್ರ ಪೂರಾ ನಿಜ ಹೇಳು.”