ರಸಮಟ್ಟ ಇಟ್ಟು ಆಡಿದ ಗೋಲಿಯಾಟ

ಮಸ್ಕಿಯಲ್ಲಿ ನಾನು ಮೂವತ್ತು ವರ್ಷದಿಂದ ಬಡಗಿ. ನನ್ನ ಕೈಯಿಂದ ನಿಂತ ಬಾಗಿಲು ಇವತ್ತಿನವರೆಗೆ ಒಂದೂ ವಾಲಿಲ್ಲ. ಅಂಥವನ ಮಾತನ್ನು ಮೊಬೈಲಿನೊಳಗಿನ ಒಂದು ಗೋಲಿ ಕೇಳುವುದಿಲ್ಲವೆಂದರೆ ಒಪ್ಪುವುದು ಹೇಗೆ?

ಆಟ ಬಹಳ ಸರಳ. ಪರದೆಯ ತುಂಬ ಸಾಲು ಸಾಲು ಮೊಳೆಗಳು. ರೊಕ್ಕ ಕಟ್ಟಿ ಒತ್ತಿದರೆ ಮೇಲಿನಿಂದ ಗೋಲಿ ಬೀಳುತ್ತದೆ. ಪ್ರತಿ ಮೊಳೆಗೂ ಬಡಿದು ಎಡಕ್ಕೋ ಬಲಕ್ಕೋ ಹೊರಳುತ್ತ ಕೆಳಗಿನ ಯಾವುದೋ ಒಂದು ಮನೆ ಸೇರುತ್ತದೆ. ತೀರ ಅಂಚಿನ ಮನೆಗೆ ಬಿದ್ದರೆ ಕಟ್ಟಿದ್ದರ ನೂರು ಪಟ್ಟು! ನಡುವಿನ ಮನೆಗೆ ಬಿದ್ದರೆ ಐದರಲ್ಲಿ ಒಂದು ಪಾಲು ವಾಪಸು. ಮೊದಲ ದಿನ ಐವತ್ತು ಕಟ್ಟಿದೆ, ಗೋಲಿ ಕೊಂಚ ಬದಿಗೆ ಸರಿದು ಇನ್ನೂರು ಬಂತು. ನಾನು ಕೆಟ್ಟದ್ದು ಅವತ್ತೇ.

ಮರುದಿನದಿಂದ ಗೋಲಿಗೆ ನಡುವಿನ ಮನೆಯ ಮೋಹ ಹತ್ತಿತು. ಇದರ ಗುಟ್ಟು ತಿಳಿಯಬೇಕೆಂದು ಆಳೆತ್ತರದ ಪ್ಲೈವುಡ್ ಹಲಗೆಗೆ ಅದೇ ಲೆಕ್ಕದಲ್ಲಿ ಮೊಳೆ ಹೊಡೆದು, ಗೋಡೆಗೆ ಒರಗಿಸಿ, ನಿಜವಾದ ಗೋಲಿ ಬಿಟ್ಟು ನೋಡಿದೆ. ಅಂಚಿಗೆ ಹೋಗಬೇಕೆಂದರೆ ಎಲ್ಲ ಮೊಳೆಗೂ ಒಂದೇ ಕಡೆ ಹೊರಳಬೇಕು. ನೂರು ಸಲ ಬಿಟ್ಟರೂ ಒಂದೂ ಹೋಗಲಿಲ್ಲ. ಬುದ್ಧಿ ಇದ್ದವನು ಅಲ್ಲಿಗೇ ಕೈ ಮುಗಿಯುತ್ತಿದ್ದ. ನಾನು ಹಲಗೆಯ ಎಡ ಮೂಲೆಯ ಕೆಳಗೆ ಒಂದು ಬೆಣೆ ಕೊಟ್ಟೆ. ಗೋಲಿಗಳು ಸರಸರನೆ ಬಲದ ಅಂಚಿಗೆ ಹೋದವು!

ಸರಿ, ಮೊಬೈಲಿಗೂ ಅದೇ ಚಿಕಿತ್ಸೆ. ಮೇಜು ಸಮವಾಗಿದೆಯೇ ಎಂದು ಅದರ ಮೇಲೆ ರಸಮಟ್ಟ ಇಟ್ಟು ನೋಡಿ, ಮೊಬೈಲಿನ ಎಡಕ್ಕೆ ತೇಗದ ಬೆಣೆ ಕೊಟ್ಟು, ಶಾಸ್ತ್ರೋಕ್ತವಾಗಿ ವಾಲಿಸಿ ಆಡತೊಡಗಿದೆ. ನನ್ನ ರೊಕ್ಕ ಮುಗಿಯಿತು. ಪಾಮನಕಲ್ಲೂರಿನ ಗೌಡರು ತಮ್ಮ ಹೊಸ ಮನೆಯ ತಲೆಬಾಗಿಲಿಗೆ, ಚೌಕಟ್ಟು ಕದ ಎರಡಕ್ಕೂ ಸೇರಿಸಿ, ಮುಂಗಡ ಕೊಟ್ಟಿದ್ದರು. ಎರಡೇ ದಿನದಲ್ಲಿ ಅದೂ ನಡುವಿನ ಮನೆ ಸೇರಿತು.

ಅಂಗಡಿಯಲ್ಲಿ ಪಾಲಿಶ್ ಹೊಡೆಯುವ ಖಾಜಾಸಾಬ ಬಂದು ನಿಂತ.

"ಏನ್ ಮಾಡಾಕತ್ತೀರಿ ಉಸ್ತಾದ್?"

"ಗೋಲಿನ ಅಂಚಿಗೆ ತಳ್ಳಾಕತ್ತೀನಿ."

"ಅದ್ರಾಗ ಗೋಲಿನ ಇಲ್ರೀ! ಬರೇ ಚಿತ್ರ. ನೀವು ಒತ್ತಿದ ಕೂಡ್ಲೆ ಎಲ್ಲಿ ಬೀಳಬೇಕಂತ ಒಳಗಿನ ಮಷೀನ್ ಗೊತ್ತು ಮಾಡಿರತೈತಿ. ಬೆಣಿ ಯಾರಿಗೆ ಕೊಟ್ಟೀರಿ?"

ಅಷ್ಟರಲ್ಲಿ ಗೌಡರ ಫೋನು ಬಂತು.

"ಮಾನಪ್ಪ, ಶುಕ್ರವಾರ ಮುಂಜಾನಿ ಮುಹೂರ್ತ ಐತಿ. ಬಾಗಿಲ ತಯಾರೈತಿಲ್ಲ?"

"ತಯಾರೈತ್ರಿ ಗೌಡ್ರ."

ಸುಳ್ಳಲ್ಲ. ತಯಾರಾದ ತೇಗದ ಬಾಗಿಲು ಒಂದಿತ್ತು. ಅದು ನನ್ನ ಮನೆಗೇ ನಿಂತಿತ್ತು!

ಊರಿಗೆಲ್ಲ ಬಾಗಿಲು ಮಾಡುವವನ ಹೆಂಡತಿ ಕಾಳಮ್ಮ ಹನ್ನೊಂದು ವರ್ಷ ತಗಡಿನ ಮರೆಯಲ್ಲಿ ಬಾಳಿದ್ದಳು. ಹೋದ ವರ್ಷವಷ್ಟೇ ಆ ಬಾಗಿಲು ನಿಲ್ಲಿಸಿದ್ದೆ. ದಿನಾ ಮುಂಜಾನೆ ಹೊಸ್ತಿಲು ತೊಳೆದು ಅರಿಶಿಣ ಹಚ್ಚುವಾಗ ಅವಳ ಮುಖ ನೋಡಬೇಕಿತ್ತು. ನಾನು ಹಾರೆ ಹಿಡಿದು ಬಂದಾಗ ಅವಳು ಹೊಸ್ತಿಲ ಮುಂದೆ ನಿಂತಳು.

"ನಮ್ಮ ಬಾಗಿಲಾ?"

"ಹೊಸಾದು ಮಾಡಿಕೊಡ್ತೀನಿ."

"ಇನ್ನ ಹನ್ನೊಂದು ವರ್ಷಕ್ಕೇನು?"

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ತೋರಣವನ್ನು ತಾನೇ ಬಿಚ್ಚಿಕೊಂಡು ಪಕ್ಕಕ್ಕೆ ಸರಿದಳು.

ಬಾಗಿಲು ಕಿತ್ತು, ಹಳೆಯದೆಂದು ಕಾಣದಂತೆ ಹೊಸ್ತಿಲಿಗೆ ಎರಡು ಸಲ ಕೀಸುಳಿ ಹೊಡೆದು ಹೆರೆದೆ. ಮರದ ಎಳೆಯೊಳಗೆ ಇಳಿದ ಅರಿಶಿಣ ಮಾತ್ರ ಹೋಗಲಿಲ್ಲ. ಶುಕ್ರವಾರ ಗೌಡರ ಹೆಂಡತಿ ಗೌಡಸಾನಿ ಅದನ್ನು ಕಂಡೇಬಿಟ್ಟರು.

"ಮೊದಲ ಅರಿಶಿಣ ಹಚ್ಚಿ ತಂದೀರಲ್ರೀ! ಶಾಸ್ತ್ರ ತಿಳದ ಬಡಿಗ್ಯಾರಂದ್ರ ನೀವ ನೋಡ್ರಿ!"

ಸಂಪ್ರದಾಯದಂತೆ ನನಗೆ ಟವೆಲ್ಲು ಹೊದಿಸಿ ತೆಂಗಿನಕಾಯಿ ಕೊಟ್ಟರು. ಇಂಥ ಸನ್ಮಾನ ಶತ್ರುವಿಗೂ ಬೇಡ.

ಮನೆಗೆ ಬಂದರೆ ಬಾಗಿಲಿದ್ದಲ್ಲಿ ನನ್ನ ಮೊಳೆಯ ಹಲಗೆ ಒರಗಿ ನಿಂತಿತ್ತು.

"ಆಡು ಒಳಗ ಬರಾಕತ್ತಿದ್ವು," ಎಂದಳು ಕಾಳಮ್ಮ. ಹೊಸ್ತಿಲು ಕಿತ್ತ ಬರಿ ಮಣ್ಣಿನ ಮೇಲೆ ಅವಳು ಎಂದಿನಂತೆ ಅರಿಶಿಣ ಹಚ್ಚಿದ್ದಳು. ಅದನ್ನು ದಾಟಲಾರದೆ ತೆಂಗಿನಕಾಯಿ ಹಿಡಿದು ಹೊರಗೇ ಕುಳಿತೆ.

ನನ್ನ ಬಾಗಿಲು ಒಂದೂ ವಾಲಿಲ್ಲ ಎಂದೆನಲ್ಲ, ಈಗ ಒಂದು ವಾಲಿದೆ. ನಮ್ಮ ಮನೆಗೆ ಬಂದರೆ ದಯವಿಟ್ಟು ಬಾಗಿಲು ಬಡಿಯಬೇಡಿ. ಮೊಳೆಗಳು ಚುಚ್ಚುತ್ತವೆ!