ಜೆ ಅಂದರೆ ಜಪಾನ್, ಪಕ್ಕದಲ್ಲಿ ಮೂರು ಚುಕ್ಕಿ

ಬ್ರಹ್ಮಾವರದ ನಮ್ಮ ಮನೆಯ ಜಗುಲಿಯಲ್ಲಿ ಹದಿನೆಂಟು ವರ್ಷದಿಂದ ಒಂದು ಬೈಕು ನಿಂತಿದೆ. ಈಗ ‘ನಿಂತಿತ್ತು’ ಎನ್ನಬೇಕು, ಅದೇ ಈ ಕಥೆ. ನೂರು ಸಿಸಿ, ಟೂ ಸ್ಟ್ರೋಕು, ನಾಲ್ಕು ಗೇರು. ಕಂಪನಿಯ ಹೆಸರು ಹೇಳುವುದಿಲ್ಲ. ನಲವತ್ತು ದಾಟಿದ ಯಾರೇ ಆದರೂ ಅದರ ಸದ್ದು ಕೇಳಿದ ಕೂಡಲೇ ಹೆಸರನ್ನೂ ಹೇಳುತ್ತಾರೆ, ತಮ್ಮ ಕಾಲೇಜಿನ ಕಥೆಯನ್ನೂ ಹೇಳುತ್ತಾರೆ.

ಅದನ್ನು ನನಗೆ ಮಾರಿದವರು ಕೋಟದ ಒಬ್ಬ ಅಕ್ಕಿ ವ್ಯಾಪಾರಿ. ಕೀಲಿಕೈ ಕೊಡುವಾಗ ಅವರು ಒಂದೇ ಮಾತು ಹೇಳಿದ್ದು. “ಇದ್ ಜಪಾನ್ ಇಂಜಿನ್ ಮಾರಾಯ್ರೆ. ಊರಿನ್ ಸಾಮಾನಲ್ಲ.”

ಈ ಮಾದರಿಯ ಬೈಕಿನ ಬಗ್ಗೆ ತಿಳಿದವರಿಗೆ ಆ ಮಾತಿನ ತೂಕ ಗೊತ್ತು. ಮೊದಮೊದಲು ಬಂದ ಗಾಡಿಗಳ ಇಂಜಿನ್ ಸಾಮಾನು ಜಪಾನಿನಿಂದಲೇ ಬರುತ್ತಿತ್ತು, ಇಲ್ಲಿ ಜೋಡಿಸುತ್ತಿದ್ದರು, ಆಮೇಲಿನದೆಲ್ಲ ಇಲ್ಲೇ ತಯಾರಾದದ್ದು ಎನ್ನುತ್ತಾರೆ. ಮೊದಲಿನದರ ಗತ್ತೇ ಬೇರೆ ಎಂದು ಎಲ್ಲರೂ ಹೇಳುತ್ತಾರೆ. ಆ ಮೊದಲಿನದು ತಮ್ಮದೇ ಎಂದೂ ಎಲ್ಲರೂ ಹೇಳುತ್ತಾರೆ. ಆದರೆ ನನ್ನ ಹತ್ತಿರ ಪುರಾವೆ ಇತ್ತು!

ಇಂಜಿನ್ನಿನ ಎಡಬದಿಗೆ, ತೀರಾ ಕೆಳಗೆ, ಉಗುರಿನಷ್ಟು ದೊಡ್ಡ ಇಂಗ್ಲಿಷ್ ‘ಜೆ’ ಅಕ್ಷರವನ್ನು ಲೋಹಕ್ಕೇ ಹೊಡೆದು ಮೂಡಿಸಿದ್ದರು. ಪಕ್ಕದಲ್ಲಿ ಮೂರು ಚುಕ್ಕಿ. ಜೆ ಅಂದರೆ ಜಪಾನ್. ಮೂರು ಚುಕ್ಕಿ ಅಂದರೆ ಜಪಾನಿನಿಂದ ಬಂದ ಮೂರನೇ ಲಾಟ್. ಇದನ್ನು ನನಗೆ ಯಾರು ಹೇಳಿದರು? ಯಾರೂ ಹೇಳಲಿಲ್ಲ. ಸ್ವಂತ ಸಂಶೋಧನೆ. ನನ್ನದು ಜೆರಾಕ್ಸ್ ಅಂಗಡಿ, ಬೇರೆಯವರ ಕಾಗದಪತ್ರ ಓದಿ ಓದಿ ನನಗೆ ಇಂಥದೆಲ್ಲ ಬೇಗ ಹೊಳೆಯುತ್ತದೆ. ಮನೆಗೆ ಬಂದವರನ್ನು ಜಗುಲಿಯಲ್ಲೇ ಮಂಡಿಯೂರಿಸಿ, ಟಾರ್ಚು ಬಿಟ್ಟು ಆ ಜೆಯನ್ನು ತೋರಿಸಿದ ಮೇಲೆಯೇ ಒಳಗೆ ಕರೆದು ಚಹಾ ಕೊಡುವುದು.

ನನ್ನ ಹೆಂಡತಿ ಜಲಜ ರವಿಕೆ ಹೊಲಿಯುತ್ತಾಳೆ. ಅವಳ ಚಿಕ್ಕಮ್ಮ ಬೊಂಬಾಯಿ ಬಿಟ್ಟು ಬರುವಾಗ ಕೊಟ್ಟ ಒಂದು ಹಳೇ ಹೊಲಿಗೆ ಮಿಷನ್ ಮೆಟ್ಟಿಲಿನ ಅಡಿಯ ಕತ್ತಲೆ ಮೂಲೆಯಲ್ಲಿತ್ತು. ಹಗಲು ಹೊತ್ತಿನಲ್ಲೂ ಟ್ಯೂಬ್‌ಲೈಟ್ ಹಾಕಿಕೊಂಡು ಹೊಲಿಯಬೇಕು. ಬೆಳಕು ಇರುವ ಜಾಗ ಜಗುಲಿ. ಅಲ್ಲಿ ಜಪಾನ್ ನಿಂತಿದೆ.

“ಸೂಜಿಗ್ ನೂಲ್ ಹಾಕುಕೆ ಕಣ್ ಕಾಣ್ತಿಲ್ಲ. ಆ ಬೈಕ್ ಒಂಚೂರ್ ಹಿಂದ್ ಬದಿಗೆ ಇಡಿ,” ಎಂದು ಅವಳು ಹೇಳುತ್ತಲೇ ಇದ್ದಳು. ನಾನು ಕೇಳಿಸಿಕೊಳ್ಳುತ್ತಲೇ ಇದ್ದೆ.

ಹೀಗಿರುವಾಗ ಒಂದು ಭಾನುವಾರ ಅವಳ ತಮ್ಮ ರಘು ಬಂದ. ತ್ರಾಸಿಯಲ್ಲಿ ಬೀಚಿನ ಹತ್ತಿರ ಅವನದೊಂದು ಜ್ಯೂಸ್ ಅಂಗಡಿ ಇದೆ. ಅವನ ಬೈಕೂ ನನ್ನ ಬೈಕಿನ ಕಂಪನಿಯದೇ. ಆದರೆ ಆಮೇಲೆ ಬಂದ ಮಾದರಿ, ನೂರಮೂವತ್ತೈದು, ಐದು ಗೇರು.

“ಭಾವ, ನಿಮ್ದ್ ನೂರ್, ನನ್ದ್ ನೂರಮೂವತ್ತೈದ್. ಲೆಕ್ಕ ನೀವೇ ಮಾಡಿ,” ಎಂದ.

“ಸಿಸಿ ಇದ್ರೆ ಆಯ್ತಾ? ಗೇರ್ ಇದ್ರೆ ಆಯ್ತಾ? ನಿನ್ದ್ ಇಲ್ಲಿ ಹುಟ್ಟಿದ್. ನನ್ದ್ ಹಡಗಂಗೆ ಬಂದದ್.”

“ಹಡಗಂಗೆ ಬಂದದ್ ಹೌದ್ ಭಾವ. ಹಡಗಿನಷ್ಟೇ ಹೊಗೆಯೂ ಬಿಡತ್ತ್.”

ಇದಕ್ಕೆ ನಾನು ಪಿಸ್ಟನ್ನಿನಿಂದ ಶುರು ಮಾಡಿ ಸವಿಸ್ತಾರವಾದ ಉತ್ತರ ಕೊಡುವವನಿದ್ದೆ. ಅಷ್ಟರಲ್ಲಿ ಒಳಗಿನಿಂದ ಜಲಜ ಬಂದಳು, ಕೊರಳಿನಲ್ಲಿ ಅಳತೆಯ ಟೇಪು.

“ಇಬ್ರೂ ಬಾಯಂಗೇ ಬೈಕ್ ಓಡ್ಸ್‌ಬ್ಯಾಡಿ. ಬಪ್ಪ ಆಯ್ತವಾರ ಬೈಂದೂರಿಗೆ ಅಕ್ಕನ್ ಮನಿಗ್ ಊಟಕ್ಕೆ ಹೋಪುದಿತ್ತಲೆ? ಊಟ ಆದ್ಮೇಲೆ ಒತ್ತಿನೆಣೆ ಗುಡ್ಡಿ ಹತ್ಸಿ. ನಾ ಹಿಂದೆ ಕೂಕಂತೆ. ನನ್ನ ಇಳ್ಸದೆ ಮೇಲ್ ಹೋದ್ರೆ ನಿಮ್ ಬೈಕ್ ಜಗ್ಲಿಯಂಗೇ ಇರ್ಲಿ, ನಾ ಇನ್ ಬಾಯ್ ಬಿಡುದಿಲ್ಲ. ಇಳ್ಸ್ರೆ ಜಗ್ಲಿ ನಂದ್.”

“ಆತ್,” ಎಂದೆ. ಹದಿನೆಂಟು ವರ್ಷದ ದಾಂಪತ್ಯದಲ್ಲಿ ನಾನು ಇಷ್ಟು ಬೇಗ ಒಪ್ಪಿಕೊಂಡ ಮಾತು ಮತ್ತೊಂದಿಲ್ಲ.

ಸಿದ್ಧತೆಗೆ ಒಂದು ವಾರ ಇತ್ತು. ಸುಮ್ಮನೆ ಕೂತಿದ್ದರೆ ಬಹುಶಃ ಗೆಲ್ಲುತ್ತಿದ್ದೆ. ಟೂ ಸ್ಟ್ರೋಕ್ ಗಾಡಿಯ ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತದೆ, ಅದನ್ನು ಸುಟ್ಟು ತೆಗೆದರೆ ಗಾಡಿಗೆ ಉಸಿರು ಬರುತ್ತದೆ ಎಂದು ನನಗೆ ಗೊತ್ತು. ಶನಿವಾರ ಸಂಜೆ ಸೈಲೆನ್ಸರಿನ ಒಳಗಿನ ಕೊಳವೆ ಎಳೆದು ಬಚ್ಚಲೊಲೆಗೆ ತುರುಕಿದೆ. ಮಸಿ ಸುಟ್ಟಿತು. ಬಚ್ಚಲಿನ ಹಿಂದೆ ತಂತಿಯ ಮೇಲೆ ಯಾವುದೋ ಮದುವೆ ಮನೆಯ ಹನ್ನೊಂದು ರವಿಕೆ ತೂಗುತ್ತಿದ್ದವು. ಸುಟ್ಟ ಎಣ್ಣೆಯ ಹೊಗೆ ಆ ಹನ್ನೊಂದರಲ್ಲಿ ಒಂದನ್ನೂ ಬಿಡಲಿಲ್ಲ.

ಜಲಜ ಬಯ್ಯುತ್ತಾಳೆ ಎಂದು ಕಾದೆ. ಅವಳು ಹನ್ನೊಂದನ್ನೂ ಮತ್ತೆ ನೀರಿಗೆ ಹಾಕಿ, ಟೇಪು ಹಿಡಿದು ಜಗುಲಿಗೆ ಹೋದಳು. ಗೋಡೆಯಿಂದ ಕಂಬದವರೆಗೆ ಅಳೆದು, ಚೀಟಿಯಲ್ಲಿ ಬರೆದಿಟ್ಟುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

ಎರಡನೆಯದು ಎಣ್ಣೆ. ಈ ಬೈಕಿಗೆ ಎಣ್ಣೆಗೆಂದೇ ಬೇರೆ ಟ್ಯಾಂಕು ಇದೆ, ಬೇಕಾದಷ್ಟನ್ನು ಪಂಪು ತಾನೇ ಇಂಜಿನ್ನಿಗೆ ಕೊಡುತ್ತದೆ. ನಾವು ಬೇರೆ ಹಾಕಬೇಕಾಗಿಲ್ಲ. ಆದರೆ ಗುಡ್ಡ ಹತ್ತುವಾಗ ಭಾರ ಹೆಚ್ಚು, ಭಾರ ಹೆಚ್ಚಾದರೆ ಎಣ್ಣೆ ಹೆಚ್ಚು ಬೇಕಲ್ಲ ಎಂದು ಯೋಚಿಸಿದೆ. ಹಿಂದೆ ಕೂರುವವರ ತೂಕದ ಬಗ್ಗೆ ಈ ಬರಹದಲ್ಲಿ ಏನನ್ನೂ ಹೇಳುವುದಿಲ್ಲ, ನನಗೆ ದಿನಾ ಊಟ ಇದೇ ಮನೆಯಲ್ಲಿ ಆಗಬೇಕು. ಅಂತೂ ಪೆಟ್ರೋಲಿಗೂ ಧಾರಾಳವಾಗಿ ಎಣ್ಣೆ ಬೆರೆಸಿದೆ.

ಭಾನುವಾರ ಇಬ್ಬರೂ ಹೆಲ್ಮೆಟ್ ಹಾಕಿ ಹೊರಟೆವು. ಹಿಂದೆ ನೋಡಿದರೆ ಹೊಗೆಯಲ್ಲಿ ಬ್ರಹ್ಮಾವರ ಕಾಣಲಿಲ್ಲ. ಕೋಟದಲ್ಲಿ ನಿಧಾನ ಮಾಡಿದಾಗ ರಿಕ್ಷಾದವನೊಬ್ಬ ತಲೆ ಹೊರಗೆ ಹಾಕಿದ. “ಹ್ವಾಯ್, ಸೊಳ್ಳೆಗೆ ಮದ್ದ್ ಬಿಡುಕೆ ಹೊರ್ಟದ್ದಾ?” ಜಲಜ ಸೆರಗನ್ನು ಹೆಲ್ಮೆಟ್ಟಿನ ಒಳಗೆ ಎಳೆದುಕೊಂಡಳು. ಮರವಂತೆಯಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳುತ್ತಿದ್ದ ಸಂಸಾರವೊಂದು ನಾವು ದಾಟಿದ ಮೇಲೆ ಸಮುದ್ರ ಕಾಣುವವರೆಗೆ ಕಾಯಬೇಕಾಯಿತು.

ತ್ರಾಸಿಯಲ್ಲಿ ರಘು ತನ್ನ ಹೆಂಡತಿಯನ್ನು ಕೂರಿಸಿಕೊಂಡು ನಮ್ಮ ಹಿಂದೆ ಸೇರಿದ. ಒಂದು ಫರ್ಲಾಂಗು ಕಳೆಯುವುದರೊಳಗೆ ನಮ್ಮನ್ನು ದಾಟಿ ಮುಂದೆ ಹೋದ. ಅದು ವೇಗದಿಂದಲ್ಲ, ಹೊಗೆಯಿಂದ. ಆದ್ದರಿಂದ ಅದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಬೈಂದೂರಿನಲ್ಲಿ ನೀರುದೋಸೆ, ಕೋಳಿ ಸುಕ್ಕ. ಸ್ಪರ್ಧೆಯ ದಿನ ಮಿತವಾಗಿ ತಿನ್ನಬೇಕು ಎಂದುಕೊಂಡದ್ದು ಏಳನೇ ದೋಸೆಗೆ ನೆನಪಾಯಿತು. ಊಟ ಮುಗಿಸಿ ಎರಡು ಬೈಕೂ ಒತ್ತಿನೆಣೆಯ ಬುಡಕ್ಕೆ ಬಂದವು.

ರಘುವಿನ ಬೈಕು ಸಲೀಸಾಗಿ ಹತ್ತಿ ತಿರುವಿನಲ್ಲಿ ಮರೆಯಾಯಿತು. ನಾನು ನಾಲ್ಕನೇ ಗೇರಿನಲ್ಲಿ ಗಂಭೀರವಾಗಿ ಹತ್ತತೊಡಗಿದೆ. ಸ್ವಲ್ಪದರಲ್ಲೇ ಮೂರಕ್ಕೆ ಬಂದೆ. ಆಮೇಲೆ ಎರಡು. ಆಮೇಲೆ ಒಂದು. ಒಂದಕ್ಕಿಂತ ಕೆಳಗೆ ಜಪಾನಿನವರು ಏನೂ ಇಟ್ಟಿಲ್ಲ.

“ಇಳಿಕಾ?” ಎಂದಳು ಜಲಜ.

“ಬ್ಯಾಡ. ಜಪಾನ್ ಇಂಜಿನ್ ಇದ್. ಉಸ್ರ್ ತಕಂತಿತ್ತ್ ಅಷ್ಟೆ.”

ಅದು ಉಸಿರು ತೆಗೆದುಕೊಂಡಿತು. ಬಿಡಲಿಲ್ಲ. ಒಮ್ಮೆ ಕೆಮ್ಮಿ ನಿಂತೇ ಹೋಯಿತು. ಗಾಡಿ ಹಿಂದಕ್ಕೆ ಜಾರತೊಡಗಿದಾಗ ನಾನು ಬ್ರೇಕು ಒತ್ತಿದೆ, ಜಲಜ ಟಪ್ಪನೆ ಹಾರಿ ಇಳಿದಳು.

ನಾನು ಕಾನೂನಿನ ಅಂಶವೊಂದನ್ನು ಎತ್ತಿದೆ. “ಕಾಣ್, ನಾ ಇಳ್ಸಿದ್ದಲ್ಲ. ನೀನೇ ಇಳ್ದದ್.”

“ಹೌದಾ? ಹಾಂಗಾರೆ ವಾಪಾಸ್ ಕೂಕಂತೆ. ಹೋಪ.”

ನಿಜವಾಗಿಯೂ ಕೂತಳು! ಹೆದ್ದಾರಿಯ ಅಂಚಿನಲ್ಲಿ ನಿಂತ ಬೈಕಿನ ಮೇಲೆ, ಮಡಿಲಲ್ಲಿ ಬ್ಯಾಗು ಇಟ್ಟುಕೊಂಡು, ಬಸ್ಸಿನಲ್ಲಿ ಕೂತವರ ಹಾಗೆ. ನಾನು ಕಿಕ್ ಹೊಡೆದೆ, ಮತ್ತೆ ಹೊಡೆದೆ. ಹೊಟ್ಟೆಯೊಳಗೆ ಏಳು ದೋಸೆ ಎದ್ದು ಕೂತವು. ಹದಿನೇಳನೇ ಕಿಕ್ಕಿಗೆ ಅವಳು ನಿಧಾನ ಇಳಿದು, ಹೆಲ್ಮೆಟ್ ತೆಗೆದು ನನ್ನ ಕೈಗೆ ಕೊಟ್ಟು, ಗುಡ್ಡದ ಮೇಲಕ್ಕೆ ನಡೆದಳು. ಕಾಲು ಗಂಟೆಯ ಮೇಲೆ ಫೋನು ಬಂತು.

“ನಾ ಮೇಲ್ ಮುಟ್ದೆ. ಇಲ್ಲ್ ಒಳ್ಳೆ ಗಾಳಿ ಇತ್ತ್.”

ಇಳಿಜಾರಿನಲ್ಲಿ ನನ್ನ ಬೈಕಿನ ಸಾಧನೆ ಮಾತ್ರ ಅಮೋಘ. ಇಂಜಿನ್ನಿನ ಸಹಾಯವೇ ಇಲ್ಲದೆ ಬೈಂದೂರಿನವರೆಗೆ ಜಾರಿಕೊಂಡು ಬಂತು. ಪೇಟೆಯ ಈಚೆ ಮನೆಗೆ ತಾಗಿಕೊಂಡೇ ಇದ್ದ ಒಂದು ಸಣ್ಣ ಗ್ಯಾರೇಜಿನ ಬಾಗಿಲು ಭಾನುವಾರವೂ ತೆರೆದಿತ್ತು. ದಪ್ಪ ಕನ್ನಡಕದ ಮುದುಕರೊಬ್ಬರು ಹೊರಗೆ ಬಂದರು. ಅಷ್ಟರಲ್ಲಿ ರಘು, ಅವನ ಹೆಂಡತಿ, ಜಲಜ ಮೂವರೂ ಒಂದು ರಿಕ್ಷಾವನ್ನೂ ಅವನ ಬೈಕನ್ನೂ ಹಂಚಿಕೊಂಡು ಅಲ್ಲಿಗೇ ಬಂದರು. ನನ್ನ ಮಾನ ಹೋಗುವ ಹೊತ್ತಿಗೆ ಪ್ರೇಕ್ಷಕರು ಸರಿಯಾಗಿ ಸೇರಿದ್ದರು.

ಮುದುಕರು ಪ್ಲಗ್ ಬಿಚ್ಚಿದರು. ಅದರ ತುದಿಯಿಂದ ಎಣ್ಣೆ ತೊಟ್ಟಿಕ್ಕಿತು. “ಇದಕ್ ದೀಪಾವಳಿ ಎಣ್ಣಿ ಸ್ನಾನ ಮಾಡ್ಸಿದ್ರಿಯಾ? ಹೆಡ್ ಬಿಚ್ಚಿ ಮಸಿ ತೆಗಿಕ್,” ಎಂದರು.

ಯಾರ ಕೈಗೋ ಸಿಕ್ಕಿ ಹಾಳಾಗಬಾರದು ಎಂದು ನಾನು ಎಚ್ಚರಿಸಿದೆ. “ಜಾಗ್ರತಿ ಮಾರಾಯ್ರೆ. ಇದ್ ಜಪಾನ್ ಇಂಜಿನ್. ಇಲ್ಲ್ ಕಾಣಿ,” ಎಂದು ರೂಢಿಯಂತೆ ಮಂಡಿಯೂರಿ ಜೆ ತೋರಿಸಿದೆ.

ಅವರೂ ಮಂಡಿಯೂರಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿ ನೋಡಿದರು.

“ಓ, ಇದ್ ನಂದೇ,” ಎಂದರು.

“ಎಂತ ನಿಮ್ದ್?”

“ಈ ಜೆ. ನಾ ಜೆರೋಮ್. ಮೊದ್ಲ್ ಬ್ರಹ್ಮಾವರದಂಗೆ ನನ್ನ್ ಗ್ಯಾರೇಜ್ ಇದ್ದಿತ್. ನಾ ಬಿಚ್ಚಿದ್ ಇಂಜಿನಿಗೆಲ್ಲ ಒಂದ್ ಜೆ ಹೊಡಿತೆ. ಬೇರೆಯವ್ರ್ ಒಳ್ಗಿನ್ ಸಾಮಾನ್ ಬದ್ಲ್ ಮಾಡಿ ನನ್ನ್ ಹೆಸ್ರ್ ಹೇಳ್ಬಾರ್ದಲೆ?”

ನಾನು ಮಂಡಿಯೂರಿದಲ್ಲೇ ಪಕ್ಕಕ್ಕೆ ಬೆರಳು ಇಟ್ಟೆ. “ಹಾಂಗಾರೆ ಈ ಮೂರ್ ಚುಕ್ಕಿ?”

“ಮೂರ್ ಸಲ ಬಿಚ್ಚಿದ್ದೆ.”

“ಒಳ್ಗೆ ಜಪಾನಿಂದ್ ಎಂತದೂ ಇಲ್ಯಾ?”

ಜೆರೋಮ್ ಸ್ವಲ್ಪ ಯೋಚಿಸಿದರು. “ಮೊದ್ಲ್ ಇದ್ದಿತ್. ಎರ್ಡನೇ ಚುಕ್ಕಿಗೆ ಹೋಯ್ತ್.”

ರಘುವಿಗೆ ನನ್ನ ಮೇಲೆ ಕನಿಕರ ಹುಟ್ಟಿರಬೇಕು. “ಭಾವ, ಇನ್ ಮೇಲೆ ಜೆ ಅಂದ್ರೆ ಜಲಜಕ್ಕ ಅಂತ ಹೇಳಿ. ಮರ್ಯಾದಿ ಉಳಿತ್ತ್,” ಎಂದ.

“ನನ್ನ್ ಹೆಸ್ರ್ ಆ ಕಬ್ಣಕ್ಕೆ ಬ್ಯಾಡ,” ಎಂದಳು ಜಲಜ.

ಜೆರೋಮ್ ಹೆಡ್ ಬಿಚ್ಚಿ, ಮಸಿ ಕೆರೆದು, ಪ್ಲಗ್ ಬದಲಿಸಿದರು. ಬೈಕು ಒಂದೇ ಕಿಕ್ಕಿಗೆ ಹೊಸದರ ಹಾಗೆ ಎದ್ದಿತು. ಆಮೇಲೆ ಅವರು ಒಂದು ಪಂಚು, ಸುತ್ತಿಗೆ ತಂದು ಟಕ್ ಎಂದು ನಾಲ್ಕನೇ ಚುಕ್ಕಿ ಹೊಡೆದರು.

ಮರುದಿನ ಬೈಕನ್ನು ಬಚ್ಚಲಿನ ಪಕ್ಕದ ತಗಡಿನ ಮಾಡಿನಡಿ ನಿಲ್ಲಿಸಿದೆ. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಮೆಟ್ಟಿಲಿನ ಅಡಿಯಿಂದ ಹೊಲಿಗೆ ಮಿಷನ್ನನ್ನು ಹೊತ್ತು ತಂದು ಜಗುಲಿಯಲ್ಲಿ, ಅವಳು ಅಳೆದಿಟ್ಟ ಜಾಗದಲ್ಲಿ ಇಟ್ಟೆ. ಬೆಳಕು ಅದರ ಮೇಲೆ ಬಿತ್ತು. ಧೂಳು ಒರೆಸಲೆಂದು ಬಗ್ಗಿದಾಗ ಮಿಷನ್ನಿನ ಕಂಬದ ಬುಡದಲ್ಲಿ ಎರಕದಲ್ಲೇ ಎದ್ದು ಬಂದ ಇಂಗ್ಲಿಷ್ ಅಕ್ಷರ ಕಂಡವು. ಮೊದಲನೆಯದು ಜೆ. ಅದು ಅಲ್ಲಿಗೇ ನಿಲ್ಲಲಿಲ್ಲ. ಪೂರ್ತಿ ಐದು ಅಕ್ಷರ, ಜಪಾನ್!

“ಜಲಜಾ, ಇದ್ ಜಪಾನಿಂದ್.”

“ಗೊತ್ತಿತ್ತ್,” ಎಂದಳು, ಸೂಜಿಗೆ ಒಂದೇ ಸಲಕ್ಕೆ ನೂಲು ಹಾಕುತ್ತ.

“ಇಷ್ಟ್ ವರ್ಷ ಒಂದ್ ಮಾತ್ ಹೇಳ್ಳಿಲ್ಲ?”

“ನೀವ್ ಬಂದವ್ರನ್ನೆಲ್ಲ ಕರ್ಕಂಡ್ ಬೈಕಿನ್ ಅಡಿಯಂಗೆ ಇದ್ರಿ. ಯಾರಿಗ್ ಹೇಳುದ್?”

ನಾನು ಟಾರ್ಚು ತಂದು ಚುಕ್ಕಿ ಹುಡುಕಿದೆ. ಒಂದೂ ಇರಲಿಲ್ಲ. “ಇದನ್ನ ನೀ ಎಷ್ಟ್ ಸಲ ಬಿಚ್ಸಿದ್ದೆ?”

“ಬಿಚ್ಚುದ್ ಎಂತಕ್ಕೆ? ಹೊಲುದ್, ಒಂದ್ ಹನಿ ಎಣ್ಣಿ ಹಾಕುದ್. ಒಂದೇ ಹನಿ,” ಎಂದು ಒತ್ತಿ ಹೇಳಿದಳು.

ಬಂದವರನ್ನು ಮಂಡಿಯೂರಿಸಿ ತೋರಿಸುವ ನನ್ನ ಅಭ್ಯಾಸ ಅಷ್ಟು ಸುಲಭಕ್ಕೆ ಹೋಗಲಿಲ್ಲ. ಟಾರ್ಚೂ ಕೈಯಲ್ಲೇ ಇತ್ತು, ಈ ಸಲ ಪುರಾವೆಯೂ ಗಟ್ಟಿ ಇತ್ತು. ಎರಡು ದಿನ ಚೆನ್ನಾಗಿಯೇ ನಡೆಯಿತು. ಮೂರನೇ ದಿನ, ರವಿಕೆಯ ಅಳತೆ ಕೊಡಲು ಬಂದ ಹೆಂಗಸರು ಗಾಬರಿಯಾಗುತ್ತಾರೆ ಎಂದು ಜಲಜ ನನ್ನನ್ನೂ ಜಗುಲಿಯಿಂದ ಎಬ್ಬಿಸಿದಳು. ಈಗ ನಾನೂ ಬೈಕಿನ ಜೊತೆ ತಗಡಿನ ಮಾಡಿನಡಿಯೇ ಕೂರುತ್ತೇನೆ. ಇಬ್ಬರಿಗೆ ಜಾಗ ಅಡ್ಡಿಲ್ಲ.