ಅಧ್ಯಕ್ಷರ ನಾಲಿಗೆ

ಹೋದ ಮಳೆಗಾಲದಲ್ಲಿ ವಾಂತಿಭೇದಿಯಿಂದ ಅರ್ಧ ಊರು ಹಾಸಿಗೆ ಹಿಡಿದ ಮೇಲೆ ಚಿಮ್ಮಡದವರು ತಾವೇ ಪಟ್ಟಿ ಎತ್ತಿ ದುಡ್ಡು ಕೂಡಿಸಿ ಶುದ್ಧ ನೀರಿನ ಘಟಕ ಕಟ್ಟಿಸಿದರು. ಅಧ್ಯಕ್ಷಗಿರಿ ಅಣ್ಣಾಸಾಹೇಬರ ಕೊರಳಿಗೆ ಬಿತ್ತು. (ಬೀಳಲೆಂದೇ ಅವರು ಕೊರಳು ಚಾಚಿದ್ದರು.) ಅಂದಿನಿಂದ ಕಂಡಕಂಡವರಿಗೆಲ್ಲ ಜಲೋಪದೇಶ. ಊರು ತಲೆಯಾಡಿಸಿತು, ಹೆಂಡತಿ ಅಕ್ಕಮ್ಮ ಆಡಿಸಲಿಲ್ಲ.

"ನಾವು ಮೊದಲಿಂದನೂ ಅರಿವಿಯೊಳಗ ಸೋಸಿ ಕುಡಿಯೋ ಮಂದಿ. ಆ ಸಪ್ಪನ್ನ ನೀರು ನನಗ ಬ್ಯಾಡ."

"ಲೇ, ಅಧ್ಯಕ್ಷನ ಮನ್ಯಾಗ ಬೋರಿನ ನೀರು ಕುಡದ್ರ ಊರಾಗ ಯಾವ ಮುಖಾ ತೋರಸ್ಲಿ?"

"ತೊಳಕೊಂಡು ತೋರಸ್ರಿ. ಬೋರಿನ್ಯಾಗ ಭಾಳ ನೀರೈತಿ."

ಅಣ್ಣಾಸಾಹೇಬರು ಗುಪ್ತ ಕಾರ್ಯಾಚರಣೆಗೆ ಇಳಿದರು. ದಿನಾ ಬೆಳಿಗ್ಗೆ ಅಕ್ಕಮ್ಮ ಬಸದಿಗೆ ಹೋದ ಕೂಡಲೇ ಕೊಡದ ನೀರು ಚೆಲ್ಲಿ ಘಟಕದ ನೀರು ತುಂಬಿಸಿಡತೊಡಗಿದರು. ಆಕೆ ಗಟಗಟ ಕುಡಿದಾಗಲೆಲ್ಲ ಇವರು ಮೀಸೆಯಡಿ ನಕ್ಕರು.

ಅಷ್ಟರಲ್ಲಿ ರುಚಿಯಿಲ್ಲವೆಂದು ಮಂದಿ ಒಬ್ಬೊಬ್ಬರಾಗಿ ಘಟಕ ಬಿಟ್ಟರು. ಇನ್ನು ಬಾಗಿಲು ಹಾಕಬೇಕೇನೋ ಎಂದು ಸಭೆ ಸೇರಿದಾಗ ಅಣ್ಣಾಸಾಹೇಬರಿಗೆ ಗುಟ್ಟು ತಡೆಯಲಾಗಲಿಲ್ಲ.

"ಏನು ರುಚಿ, ರುಚಿ ಅಂತೀರಿ? ತಿಂಗಳಾತು, ನಮ್ಮಾಕಿಗೆ ಕೊಡದಾಗ ಘಟಕದ ನೀರ ಕುಡಸಾಕತ್ತೇನಿ! ಆಕಿಗೇ ಗೊತ್ತಾಗಿಲ್ಲ!"

ಮಹಿಳಾ ಸಂಘದ ಹಣಮವ್ವ ಎರಡು ಗ್ಲಾಸು ತಂದಿಟ್ಟಳು. "ಹಂಗಾರ ನೀವ ಕುಡದು ಹೇಳ್ರಿ, ಯಾವುದು ಘಟಕದ್ದು?"

ಅಣ್ಣಾಸಾಹೇಬರು ಎರಡನ್ನೂ ಗುಟುಕರಿಸಿ ಒಂದನ್ನು ಮೇಲೆತ್ತಿದರು. "ಇದ! ಅಮೃತ! ದಿನಾ ಮನ್ಯಾಗ ಇದನ್ನ ಕುಡಿತೇನಿ!"

"ಅದು ಬೋರಿಂದ್ರೀ," ಎಂದಳು ಹಣಮವ್ವ.

ಸಭೆ ಬಿದ್ದು ಬಿದ್ದು ನಕ್ಕಿತು. ಹಿಂದೆ ಕುಳಿತಿದ್ದ ಅಕ್ಕಮ್ಮ ಎದ್ದಳು.

"ಜನ್ಮದಾಗ ಒಂದು ತಂಬಗಿ ತುಂಬದವ್ರು ಕೊಡಾ ತುಂಬತಾರಂದ್ರ ನನಗ ಗೊತ್ತಾಗೂದಿಲ್ಲೇನು? ಆ ನೀರು ದಿನಾ ಎಮ್ಮಿಗೆ ಹಾಕಿ, ಬೋರಿಂದ ತುಂಬತಿದ್ದೆ."

ಅಧ್ಯಕ್ಷರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಘಟಕದ ಕಥೆ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಹಣಮವ್ವ ಕೇಳಿದಳು, "ಮತ್ತ ಎಮ್ಮಿ ಹೆಂಗೈತಿ ಅಕ್ಕಾ?"

"ಅದರ ಸೊಕ್ಕು ಏನ್ ಕೇಳ್ತಿ! ಈಗ ಬೋರಿನ ನೀರು ಮುಂದಿಟ್ರ ಮೂಸಿನೂ ನೋಡೂದಿಲ್ಲ."

ನಗುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧ್ಯಕ್ಷರ ಅಷ್ಟೂ ಭಾಷಣದಿಂದ ಆಗದ್ದು ಎಮ್ಮೆಯಿಂದ ಆಯಿತು. ಮರುದಿನ ಘಟಕದ ಮುಂದೆ ಕೊಡ ಹಿಡಿದು ನಿಂತವರ ಪಾಳಿ ರಸ್ತೆಯವರೆಗೂ ಬಂತು.

ಅಕ್ಕಮ್ಮನೂ ಸೋತಳು. (ಗಂಡನಿಗಲ್ಲ, ಎಮ್ಮೆಗೆ.) ಎರಡು ಖಾಲಿ ಕ್ಯಾನ್ ತಂದು ಅಣ್ಣಾಸಾಹೇಬರ ಮುಂದಿಟ್ಟಳು.

"ಎರಡ್ಯಾಕ ಲೇ? ಮನ್ಯಾಗ ಇರೋರು ನಾವಿಬ್ಬರ."

"ಒಂದು ನಮಗ್ರಿ."

ಹಿತ್ತಿಲಲ್ಲಿ ಎಮ್ಮೆ ಒದರಿತು. ಅಧ್ಯಕ್ಷರು ಎರಡೂ ಕ್ಯಾನ್ ಹೊತ್ತು ಪಾಳಿಯ ತುದಿಗೆ ಹೋಗಿ ನಿಂತರು.